ಸಮುದ್ರ ನೋಡದ ಕ್ಯಾಪ್ಟನ್ನನ ಪರವಾಗಿ

ಗೆ,
ಗ್ರಾಹಕ ವಿಶ್ವಾಸ ವಿಭಾಗದ ಮಹಾಪ್ರಬಂಧಕರು,
ಸಾಗರನೀತಿ ಸೀಗಡಿ ಕಂಪನಿ,
ಹದಿನಾಲ್ಕನೆಯ ಮಹಡಿ.

ಮಾನ್ಯರೇ,

ತುಂಗಭದ್ರೆಯ ಎಡದಂಡೆಯಿಂದ, ಯಾವ ಕಡಲಿಗೆ ಹೊರಟರೂ ಬಸ್ಸಿನಲ್ಲಿ ಒಂದು ಇಡೀ ಹಗಲು ಕೂರಬೇಕಾದ ಗಂಗಾವತಿಯಿಂದ, ತಮಗೂ ತಮ್ಮ ಕುಟುಂಬ ವರ್ಗಕ್ಕೂ ತಮ್ಮ ಶೀತಲ ಗೋದಾಮುಗಳಲ್ಲಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ವಿಶ್ರಮಿಸುತ್ತಿರುವ ಸಮಸ್ತ ಜಲಚರಗಳಿಗೂ ನನ್ನ ಆದರದ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಜಾಹೀರಾತುಗಳಿಂದ ಪ್ರತಿದಿನ ತಿಳಿಯುತ್ತಿದೆ. ನಮ್ಮ ಕ್ಷೇಮವನ್ನು ತಿಳಿಸುವ ಜಾಹೀರಾತು ಯಾವುದೂ ಇಲ್ಲದ ಕಾರಣ ಈ ಪತ್ರ ಬರೆಯಬೇಕಾಯಿತು.

ನಾನು ಕಸ್ತೂರೆಮ್ಮ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಖಾನಾವಳಿ ನಡೆಸುತ್ತಿದ್ದೇನೆ. ಆರು ಮೇಜು, ಎರಡು ಒಲೆ, ಬುಧವಾರ ಮತ್ತು ರವಿವಾರ ಸೀಗಡಿ ಸಾರು. ಸೀಗಡಿ ತಂದುಕೊಡುತ್ತಿದ್ದವನು ಯಂಕೇಶ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ವಿರೂಪಾಪುರಗಡ್ಡೆಯ ಎದುರಿನ ದಂಡೆಯಲ್ಲಿ ತಾಯಿ ಪಾರಮ್ಮನೊಂದಿಗೆ ಇದ್ದಾನೆ. ಬಂಡೆಗಳ ನಡುವಿನ ಮಡುಗಳಲ್ಲಿ ಸಂಜೆ ಬಿದಿರಿನ ಬೋನುಗಳನ್ನು ಇಳಿಬಿಟ್ಟು, ಬೆಳಿಗ್ಗೆ ಹರಿಗೋಲಿನಲ್ಲಿ ಹೋಗಿ ಎತ್ತಿಕೊಂಡು ಬರುತ್ತಾನೆ. ಬೋನು ಹೆಣೆಯುವವಳು ಪಾರಮ್ಮ. ಅವಳ ಅಳತೆ ಕಿರುಬೆರಳು. ಎರಡು ಕಡ್ಡಿಗಳ ನಡುವೆ ಅವಳ ಕಿರುಬೆರಳು ಸಲೀಸಾಗಿ ಹೋಗಿ ಬರದಿದ್ದರೆ ಆ ಬೋನನ್ನು ಬಿಚ್ಚಿ ಮತ್ತೆ ಹೆಣೆಯುತ್ತಾಳೆ, ಏಕೆಂದರೆ ಮರಿಗಳು ಹೊರಗೆ ಹೋಗಲು ದಾರಿ ಬೇಕು. ಹೊಟ್ಟೆಯಡಿ ಮೊಟ್ಟೆ ಹೊತ್ತ ಸೀಗಡಿ ಸಿಕ್ಕರೆ ಯಂಕೇಶ ಅಲ್ಲಿಯೇ ನೀರಿಗೆ ಬಿಡುತ್ತಾನೆ. ಡ್ಯಾಮಿನ ಗೇಟು ತೆಗೆದು ಕೆಂಪು ನೀರು ಬರುವ ಎರಡು ತಿಂಗಳು ಬೋನುಗಳು ಅಟ್ಟಕ್ಕೇರುತ್ತವೆ, ನಾನು ಹಲಗೆಯ ಮೇಲೆ ‘ಸೀಗಡಿ ಇಲ್ಲ’ ಎಂದು ಬರೆಯುತ್ತೇನೆ, ಗಿರಾಕಿಗಳು ಗೊಣಗುತ್ತ ಮೊಟ್ಟೆ ಸಾರು ಉಣ್ಣುತ್ತಾರೆ. ಇದನ್ನು ಸುಸ್ಥಿರ ಮೀನುಗಾರಿಕೆ ಎಂದು ಕರೆಯಬೇಕೆಂಬುದು ತಾವು ಬರುವವರೆಗೂ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಅಜ್ಞಾನಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ಕಳೆದ ವರ್ಷ ತಾವು ಗಂಗಾವತಿಯಲ್ಲಿ ಗಾಜಿನ ಬಾಗಿಲಿನ ಅಂಗಡಿಯನ್ನು ತೆರೆದು ಈ ಊರನ್ನು ಉದ್ಧರಿಸಿದಿರಿ. ಭಾಗ್ಯನಗರದ ಮಂಗಲ ಕಾರ್ಯಾಲಯದಲ್ಲಿ ನಾಲ್ಕು ತಾಲೂಕಿನ ಖಾನಾವಳಿಯವರನ್ನು ಕೂಡಿಸಿ, ಉತ್ತಮ ಸೀಗಡಿಯನ್ನು ಆರಿಸುವುದು ಹೇಗೆಂದು ತರಬೇತಿಯನ್ನೂ ಕೊಡಿಸಿದಿರಿ. ಕಲಿಸಿದವರು ತಮ್ಮ ಅಂದಿನ ಪ್ರತಿನಿಧಿ, ಕುಷ್ಟಗಿಯ ನಾಗೇಶ. ತೆಳ್ಳಗಿನ, ಇಸ್ತ್ರಿ ಅಂಗಿಯ, ಬಹಳ ನಯವಾದ ವ್ಯಕ್ತಿ. ಯಲಬುರ್ಗಾದಿಂದ ಬಂದಿದ್ದ ಒಬ್ಬ ಹಿರಿಯರು ‘ಸಮುದ್ರ ಯಾವ ಬಸ್ಸಿಗೆ ಬರ್ತೈತ್ರಿ’ ಎಂದು ಕೇಳಿದಾಗಲೂ ಅವರು ನಗದೆ, ಫ್ರೀಜರ್ ಲಾರಿಯ ಚಿತ್ರ ತೋರಿಸಿ ವಿವರಿಸಿದರು. ಕಣ್ಣು ಹೊಳೆಯಬೇಕು, ಚಿಪ್ಪು ಬಿಗಿಯಾಗಿರಬೇಕು, ತಲೆಯ ಬುಡ ಕಪ್ಪಾಗಿರಬಾರದು, ಮೂಗಿಗೆ ಹಿಡಿದರೆ ಶುದ್ಧ ನೀರಿನ ವಾಸನೆ ಬರಬೇಕೇ ಹೊರತು ಔಷಧದ್ದಲ್ಲ, ಪ್ಯಾಕೆಟ್ಟಿನಲ್ಲಿ ಮಂಜುಗಡ್ಡೆ ಹೆಚ್ಚಿರಬಾರದು ಎಂದು ಅವರು ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ಊಟದ ಹೊತ್ತಿನಲ್ಲಿ ನಾನು ಹತ್ತಿರ ಹೋಗಿ, ತಮಗೆ ಸೀಗಡಿ ಹುರಿದದ್ದು ಇಷ್ಟವೋ ಸಾರು ಇಷ್ಟವೋ ಎಂದು ವಿಚಾರಿಸಿದೆ. ಅವರು ಧ್ವನಿ ತಗ್ಗಿಸಿ, ‘ನಾ ಒಂದು ಸಲಾನೂ ಬಾಯಾಗ ಇಟ್ಟಿಲ್ರಿ ಅಕ್ಕಾರ. ನಮ್ಮ ಮನ್ಯಾಗ ಮೊಟ್ಟಿ ಸೈತ ತರಂಗಿಲ್ಲ. ಟ್ರೇನಿಂಗಿನ್ಯಾಗ ಹೇಳಿದ್ದನ್ನ ನಿಮಗ ಹೇಳಾಕತ್ತೀನಿ’ ಎಂದರು. ತಮ್ಮ ಕಂಪನಿಯಲ್ಲಿ ನಾನು ಕೇಳಿದ ಮೊದಲ ಪ್ರಾಮಾಣಿಕ ಮಾತು ಅದು. ಎರಡನೆಯದೂ ಅವರದೇ, ಅದು ಮುಂದೆ ಬರುತ್ತದೆ.

ಕಲಿತದ್ದನ್ನು ಪರೀಕ್ಷಿಸುವ ಹುಮ್ಮಸ್ಸಿನಲ್ಲಿ ನಾನು ತಮ್ಮದೇ ಒಂದು ಪ್ಯಾಕೆಟ್ಟನ್ನು ತಂದೆ. ಕಣ್ಣು ನೋಡೋಣವೆಂದರೆ ತಲೆ ಇರಲಿಲ್ಲ. ಚಿಪ್ಪು ಒತ್ತೋಣವೆಂದರೆ ಅದನ್ನೂ ತಾವು ನಮ್ಮ ಅನುಕೂಲಕ್ಕಾಗಿ ಸುಲಿದಿದ್ದಿರಿ. ಮಂಜು ಕರಗಿದ ಮೇಲೆ ಪಾತ್ರೆಯ ಮುಕ್ಕಾಲು ಭಾಗ ನೀರಾಯಿತು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಲ್ಲಿ ಬಿಡುವ ನಮ್ಮ ಓಣಿಗೆ ಇಷ್ಟು ದೂರದಿಂದ ನೀರು ಹೊತ್ತು ತಂದ ತಮ್ಮ ಔದಾರ್ಯವನ್ನು ನೆನೆದು ಕೈ ಮುಗಿದೆ. ಉಳಿದ ಕಾಲು ಭಾಗವನ್ನು ಮೂಗಿಗೆ ಹಿಡಿದಾಗ ಆಸ್ಪತ್ರೆಯ ನೆಲ ಒರೆಸಿದ ವಾಸನೆ ಬಂತು. ಬೇಯಿಸಿದ ಮೇಲೆ ಹಲ್ಲಿಗೆ ಅದು ಕೊಟ್ಟ ವ್ಯಾಯಾಮದ ಬಗ್ಗೆ ಗೌರವದಿಂದ ಏನೂ ಬರೆಯುವುದಿಲ್ಲ.

ಆದರೆ ಪ್ಯಾಕೆಟ್ಟಿನ ಹೊರಗಿನ ಬರಹ ಮಾತ್ರ ಬಲು ರುಚಿಯಾಗಿತ್ತು. ‘ಆಳಸಮುದ್ರದಲ್ಲಿ, ಮರಿಗಳಿಗೆ ನೋವಾಗದಂತೆ, ಜವಾಬ್ದಾರಿಯಿಂದ ಹಿಡಿದ ಸೀಗಡಿ’ ಎಂದು ಬರೆದಿದ್ದಿರಿ. ಅದನ್ನು ಕೊಳ್ಳುವ ಹೋಟೆಲುಗಳಿಗೆ ಉಚಿತ ಫ್ರೀಜರ್ ಮತ್ತು ‘ನಾವು ಜವಾಬ್ದಾರಿಯುತ ಸೀಗಡಿ ಮಾತ್ರ ಬಡಿಸುತ್ತೇವೆ’ ಎಂಬ ಹೊಳೆಯುವ ಫಲಕ ಕೊಟ್ಟಿರಿ. ಜೊತೆಗೆ ಒಂದು ಸುತ್ತೋಲೆಯನ್ನೂ ಹಂಚಿದಿರಿ: ಪ್ರಮಾಣಪತ್ರವಿಲ್ಲದ ಹೊಳೆಯ ಸೀಗಡಿ ಅವೈಜ್ಞಾನಿಕ, ಅದನ್ನು ಹಿಡಿಯುವ ಬಿದಿರಿನ ಬೋನು ಪರಿಸರಕ್ಕೆ ಮಾರಕ. ಯಂಕೇಶನಿಂದ ಕೊಳ್ಳುತ್ತಿದ್ದ ನಾಲ್ಕು ಹೋಟೆಲಿನವರೂ ಒಂದೇ ತಿಂಗಳಲ್ಲಿ ಫಲಕ ತೂಗುಹಾಕಿದರು. ಉಳಿದವಳು ನಾನೊಬ್ಬಳು. ವಾರಕ್ಕೆ ಎರಡು ಬುಟ್ಟಿ ಮಾರಿ ಬದುಕಲಾಗದೆ ಯಂಕೇಶ ಅಕ್ಕಿ ಮಿಲ್ಲಿಗೆ ಚೀಲ ಹೊರಲು ಹೋದ. ಬೆನ್ನಿಗೆ ಗೋಣಿಯ ಗೆರೆ ಮೂಡಿತ್ತು. ‘ಹ್ಯಾಂಗದೀಯೋ’ ಎಂದು ಕೇಳಿದರೆ, ‘ನೀರಿಲ್ಲದ ಕೆಲಸ ಅಕ್ಕ, ಮೈ ಒಗ್ಗವಲ್ದು’ ಎಂದಷ್ಟೇ ಹೇಳಿದ.

ಇಲ್ಲಿಯವರೆಗಿನದು ವ್ಯಾಪಾರ. ವ್ಯಾಪಾರಕ್ಕೆ ಸಿಟ್ಟಾಗುವವಳು ನಾನಲ್ಲ. ನನ್ನ ಎದುರು ಓಣಿಯಲ್ಲೇ ಮೂರು ಖಾನಾವಳಿಗಳಿವೆ. ಈ ಪತ್ರ ಹುಟ್ಟಿದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಗಡಿಯಾರ ರಿಪೇರಿಯ ಶಬ್ಬೀರಸಾಬರು ಉಣ್ಣಲು ಬಂದಾಗ. ಅವರ ಕೈಚೀಲದಲ್ಲಿ, ಬೀಗರು ಬರುತ್ತಾರೆಂದು ಕೊಂಡಿದ್ದ ತಮ್ಮ ಪ್ಯಾಕೆಟ್ಟು ಇತ್ತು. ಅದರ ಮೇಲೆ ಚೌಕಳಿ ಚೌಕಳಿಯ ಗುರುತೊಂದಿದ್ದು, ಫೋನಿನಲ್ಲಿ ತೋರಿಸಿದರೆ ‘ನಿಮ್ಮ ಸೀಗಡಿಯನ್ನು ಹಿಡಿದವರ ಮುಖ ನೋಡಿ’ ಎಂಬ ತಮ್ಮ ಪ್ರಸಿದ್ಧ ಸೌಲಭ್ಯ ತೆರೆಯುತ್ತದಷ್ಟೆ. ರೊಟ್ಟಿ ಬರುವವರೆಗೆ ಹೊತ್ತು ಹೋಗಲೆಂದು ಶಬ್ಬೀರಸಾಬರು ತೋರಿಸಿದರು. ಸ್ವಲ್ಪ ಹೊತ್ತು ಫೋನನ್ನೇ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, ನನ್ನನ್ನು ಕರೆದರು. ‘ಕಸ್ತೂರೆಮ್ಮಾ, ಇಂವ ನಿಮ್ಮ ಯಂಕೇಶ ಅಲ್ಲೇನ್ರಿ?’

ಅವನೇ. ಮೇಲಿನ ಗುಂಡಿ ಬಿಟ್ಟ ಅದೇ ನೀಲಿ ಅಂಗಿ, ಕೈಯಲ್ಲಿ ಹುಟ್ಟು, ಬಿಸಿಲಿಗೆ ಕಿರಿದಾದ ಕಣ್ಣು. ಅವನ ಹಿಂದಿದ್ದ ನಮ್ಮ ಬಂಡೆಗುಡ್ಡಗಳನ್ನು ತಾವು ಒರೆಸಿ ಹಾಕಿ, ಆ ಜಾಗದಲ್ಲಿ ಆಳೆತ್ತರದ ಅಲೆಗಳನ್ನು ಎಬ್ಬಿಸಿದ್ದಿರಿ. ಹರಿಗೋಲನ್ನು ಮಾತ್ರ ಬಿಟ್ಟಿದ್ದಿರಿ, ಅದು ಹಡಗಿನ ಒಂದು ಜಾತಿ ಎಂದು ಭಾವಿಸಿರಬಹುದು. ಕೆಳಗೆ ‘ಕ್ಯಾಪ್ಟನ್ ವೆಂಕಟೇಶ್, ಮೂರು ತಲೆಮಾರಿನ ಆಳಸಮುದ್ರ ಮೀನುಗಾರ. ಇವರ ಜವಾಬ್ದಾರಿಯೇ ನಿಮ್ಮ ರುಚಿ’ ಎಂದಿತ್ತು.

ಮಿಲ್ಲಿನಿಂದ ಅವನನ್ನು ಕರೆಸಿ ತೋರಿಸಿದೆ. ಸಂತೆಗೆ ಬಂದಿದ್ದ ಪಾರಮ್ಮನೂ ಜೊತೆಗಿದ್ದಳು. ಅವಳು ಮೊದಲು ಹೇಳಿದ್ದು, ‘ಗುಂಡಿ ಹಾಕ್ಕೋ ಅಂತ ಎಷ್ಟು ಸಲ ಹೇಳಿಲ್ಲ’ ಎಂದು. ಯಂಕೇಶ ನೆನಪಿಸಿಕೊಂಡು ಹೇಳಿದ. ಹಿಂದಿನ ಚಳಿಗಾಲದಲ್ಲಿ ಇಬ್ಬರು ಕ್ಯಾಮೆರಾದವರು ದಂಡೆಗೆ ಬಂದು, ಚಹಾ ಕುಡಿಸಿ, ಬೋನು ಹೇಗೆ ಬಿಡುತ್ತೀ, ಮರಿ ಹೇಗೆ ಉಳಿಸುತ್ತೀ ಎಂದೆಲ್ಲ ಕೇಳಿ ಬರೆದುಕೊಂಡು ಹೋಗಿದ್ದರಂತೆ. ‘ನಾ ಸಮುದ್ರ ನೋಡಿಲ್ಲಕ್ಕ, ಹಿಂಗ ಇರ್ತೈತೇನು’ ಎಂದು ಅಲೆಗಳನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಆಮೇಲೆ ಫೋನನ್ನು ಶಬ್ಬೀರಸಾಬರಿಗೆ ಕೊಟ್ಟು, ‘ನನ್ನ ಮಾರಿ ನಡೀತೈತಿ, ನನ್ನ ಸೀಗಡಿ ನಡೆಯಂಗಿಲ್ಲ’ ಎಂದ. ಮಾನ್ಯರೇ, ನಾನು ಪಿಯುಸಿವರೆಗೆ ಓದಿದವಳು, ಹಲವು ಭಾಷಣಗಳನ್ನು ಕೇಳಿದವಳು. ತಮ್ಮ ಕಂಪನಿಯ ನೀತಿಯನ್ನು ಇಷ್ಟು ಸಂಕ್ಷಿಪ್ತವಾಗಿ ಯಾರೂ ಹೇಳಿದ್ದಿಲ್ಲ. ಮುಂದಿನ ಪ್ಯಾಕೆಟ್ಟಿನಲ್ಲಿ ಇದನ್ನು ಬಳಸಿಕೊಳ್ಳಬಹುದು.

ಶಬ್ಬೀರಸಾಬರ ಫೋನನ್ನು ಕೇಳಿ ತೆಗೆದುಕೊಂಡು ನಾನು, ಯಂಕೇಶ, ಪಾರಮ್ಮ ಮೂವರೂ ತಮ್ಮ ಅಂಗಡಿಗೆ ಹೋದೆವು. ನಾಗೇಶರು ಫೋನಿನ ಮುಖವನ್ನೂ ಎದುರಿಗಿದ್ದ ಮುಖವನ್ನೂ ನೋಡಿ ಕುರ್ಚಿಯಿಂದ ಎದ್ದು ನಿಂತರು. ಮೇಲಿನವರಿಗೆ ಫೋನು ಮಾಡಿದರು. ಅದು ಸಾಂಕೇತಿಕ ಚಿತ್ರ, ಚಿಂತೆ ಬೇಡ ಎಂದು ಆ ಕಡೆಯಿಂದ ಬಂದ ಮಾತು ನಮಗೂ ಕೇಳಿಸಿತು. ಪಾರಮ್ಮ ಮಾತ್ರ ಆ ಕಡೆ ಗಮನವಿಲ್ಲದೆ, ತೂಕಕ್ಕೆಂದು ತೆರೆದಿಟ್ಟಿದ್ದ ಒಂದು ಪ್ಯಾಕೆಟ್ಟಿಗೆ ಕೈ ಹಾಕಿ, ಒಂದು ಸೀಗಡಿಯನ್ನು ಬೆರಳ ನಡುವೆ ಹೊಸಕಿ ಮೂಸಿ ನೋಡಿದಳು. ‘ಇದು ನಿಂತ ನೀರಾಗ ಬೆಳದದ್ದು ತಮ್ಮಾ. ಕೆಸರು ನಾರತೈತಿ. ಇದನ್ನ ಎಲ್ಲಿಂದ ತರತೀರಿ?’ ಎಂದು ಕೇಳಿದಳು. ನಾಗೇಶರು ಗಾಜಿನ ಬಾಗಿಲ ಕಡೆ ನೋಡಿದರು. ನಂತರ, ‘ಸಮುದ್ರದಿಂದ ಅಲ್ರಿ ಅವ್ವ. ನವಲಿ ಆಚಿ ಹೊಂಡದಿಂದ ಬರ್ತಾವ’ ಎಂದರು. ಇದೇ ಆ ಎರಡನೆಯ ಮಾತು. ಅವರು ಈಗ ತಮ್ಮ ನೌಕರರಲ್ಲ. ಬರೆಯಲೋ ಬೇಡವೋ ಎಂದು ಕೇಳಿದಾಗ ‘ಹೆಸರು ಹಾಕೇ ಬರೀರಿ’ ಎಂದಿದ್ದರಿಂದ ಬರೆದಿದ್ದೇನೆ.

ಮರುದಿನ ಟಂಟಂ ಆಟೋ ಹಿಡಿದು ತಮ್ಮ ಆಳಸಮುದ್ರದ ದರ್ಶನಕ್ಕೆ ಹೋದೆವು. ಭತ್ತದ ಗದ್ದೆಗಳ ನಡುವೆ ತಂತಿಬೇಲಿ, ಅದರೊಳಗೆ ಸೊಂಟದಾಳದ ನಾಲ್ಕು ಹೊಂಡ, ನೀರನ್ನು ಬಡಿಯುವ ಮೋಟಾರು ಚಕ್ರಗಳು. ಕಾವಲಿನವನು ಯಾರು ಬೇಕೆಂದು ಕೇಳಿದ. ‘ಸಮುದ್ರ ನೋಡಾಕ ಬಂದೀವಪ್ಪ’ ಎಂದಳು ಪಾರಮ್ಮ. ಅವನು ನಕ್ಕು ಬೇಲಿ ತೆಗೆದ. ಹೊಂಡದಲ್ಲಿ ಸೀಗಡಿ ಸಾಕುವುದು ತಪ್ಪೆಂದು ನಾನು ಹೇಳುವುದಿಲ್ಲ. ಗದ್ದೆಯಲ್ಲಿ ಬೆಳೆದದ್ದನ್ನು ಗದ್ದೆಯದೆಂದೇ ಮಾರಿದರೆ ನನ್ನ ತಕರಾರಿಲ್ಲ. ಆದರೆ ಶೆಡ್ಡಿನ ನೆರಳಲ್ಲಿ ಮೇವಿನ ಚೀಲಗಳಿದ್ದವು. ಕಟ್ಟು ಬಿಚ್ಚಿದ್ದ ಒಂದು ಚೀಲಕ್ಕೆ ಪಾರಮ್ಮ ಕೈ ಹಾಕಿ, ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದಳು. ಅವು ಒಣಗಿಸಿದ ಮರಿಗಳು. ಅಕ್ಕಿಕಾಳಿನಷ್ಟು ಮೀನು, ಜೀರಿಗೆಯಷ್ಟು ಸೀಗಡಿ. ನಡುನಡುವೆ ಮೊಟ್ಟೆ ಹೊತ್ತ ತಾಯಿ ಸೀಗಡಿಗಳೂ ಇದ್ದವು.

‘ಇವು ನಮ್ಮ ಹೊಳಿವು’ ಎಂದಳು ಅವಳು. ‘ಇನ್ನಾ ಮೀಸಿ ಸೈತ ಬಂದಿಲ್ಲ.’

ಎಪ್ಪತ್ತು ದಾಟಿದ ಹೆಂಗಸು ಚೀಲದ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಯಂಕೇಶ ಅವಳನ್ನು ಎಬ್ಬಿಸಲಿಲ್ಲ, ತಾನೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ‘ಎರಡು ವರ್ಷದಿಂದ ಬೋನು ಅರ್ಧ ಖಾಲಿ ಬರಾಕತ್ತಿತ್ತು’ ಎಂದ. ‘ನನ್ನ ಕೈಯಾಗ ಏನೋ ತಪ್ಪೈತಿ ಅಂದ್ಕೊಂಡಿದ್ದೆ.’ ಮೇವು ಎಲ್ಲಿಂದ ಬರುತ್ತದೆಂದು ಕಾವಲಿನವನನ್ನು ಕೇಳಿದೆವು. ಹೊಂಡ ತೋಡಿದ ಎರಡು ವರ್ಷದಿಂದಲೂ ಹೊಳೆದಂಡೆಯವರೇ ರಾತ್ರಿ ಹೊತ್ತು ಸೊಳ್ಳೆಪರದೆ ಹೊಲಿದ ಬಲೆ ಎಳೆದು, ಒಣಗಿಸಿ, ಚೀಲ ಕಟ್ಟಿ ಕೊಡುತ್ತಾರೆಂದ. ತಮ್ಮ ಲಾರಿ ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತದಂತೆ. ಕಿರುಬೆರಳಿನ ಸಂದಿಯಿಂದ ಪಾರಮ್ಮ ಬಿಟ್ಟುಕೊಟ್ಟ ಮರಿಗಳನ್ನು ತಾವು ಸೊಳ್ಳೆಯೂ ತೂರದ ಬಟ್ಟೆಯಲ್ಲಿ ಸೋಸಿ, ಅವುಗಳಿಂದ ಬೇರೆ ಸೀಗಡಿಗಳನ್ನು ಕೊಬ್ಬಿಸಿ, ಮರಿ ಉಳಿಸಿದ ಪುಣ್ಯಕ್ಕೆ ಅವಳ ಮಗನ ಮುಖವನ್ನೇ ಅಂಟಿಸಿದ್ದೀರಿ. ಇಷ್ಟು ಪರಿಪೂರ್ಣ ವ್ಯವಸ್ಥೆಯಲ್ಲಿ ನನಗೆ ಕಂಡ ಕೊರತೆ ಒಂದೇ: ಪ್ಯಾಕೆಟ್ಟಿನ ಒಳಗೆ ಯಂಕೇಶನ ಒಂದು ಬೆರಳನ್ನೂ ಹಾಕಿ ಮಾರಬಹುದಿತ್ತು.

ಪಾರಮ್ಮ ಒಂದು ಹಿಡಿ ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಮುಂದಿನ ಸೋಮವಾರ ಹೊಳೆದಂಡೆಯ ಮೀನುಗಾರರ ಸಂಘದ ಸಭೆ ಇತ್ತು. ಇಪ್ಪತ್ತೈದು ಮನೆಯವರು. ಅವರಲ್ಲಿ ಹೆಚ್ಚಿನವರು ತಮಗೆ ಮರಿ ಮಾರುತ್ತಿದ್ದವರೇ, ಯಂಕೇಶನ ಸ್ವಂತ ಚಿಕ್ಕಪ್ಪನೂ ಸೇರಿ. ಸಭೆಯಲ್ಲಿ ಎಂದೂ ಬಾಯಿ ತೆರೆಯದ ಯಂಕೇಶ ಅಂದು ಎದ್ದು ನಿಂತ. ‘ನಿನ್ನ ಫೋಟೋ ಹಾಕ್ಯಾರಂತ ಉರಕೊಂಡಿ’ ಎಂದು ಚಿಕ್ಕಪ್ಪ ಚುಚ್ಚಿದ. ಕೆಲವರು ನಕ್ಕರು. ಯಂಕೇಶ ತಾಯಿಯ ಸೆರಗಿನ ಗಂಟು ಬಿಚ್ಚಿ ಮರಿಗಳನ್ನು ಜಮಖಾನದ ಮೇಲೆ ಸುರಿದ. ‘ಮರಿ ಮಾರಿದ್ರ ಈ ವರ್ಷ ಉಂತೀವಿ, ಇಲ್ಲ ಅನ್ನಂಗಿಲ್ಲ. ಬರೋ ವರ್ಷ ಎಲ್ಲಾರೂ ಮಿಲ್ಲಿಗೇ ಬರ್ತೀರಿ. ಅಲ್ಲಿ ಚೀಲ ಹೊರಾಕ ಇಷ್ಟು ಮಂದಿಗೆ ಜಾಗ ಇಲ್ಲ, ನಾ ನೋಡಿ ಬಂದೀನಿ.’ ಅಷ್ಟು ಹೇಳಿ ಕೂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಂಜೆಯ ಹೊತ್ತಿಗೆ ಹದಿನಾಲ್ಕು ಮನೆಯವರು ಸೊಳ್ಳೆಬಲೆಯನ್ನು ಸಂಘದ ಕೋಣೆಗೆ ತಂದು ಹಾಕಿದರು. ಏಳು ಮನೆಯವರು ತರಲಿಲ್ಲ. ಚಿಕ್ಕಪ್ಪ ತರಲಿಲ್ಲ. ಈಗಲೂ ಆ ಏಳು ಮನೆಯವರು ಯಂಕೇಶನೊಂದಿಗೆ ಮಾತಾಡುವುದಿಲ್ಲ. ತಮ್ಮ ಲಾರಿಯೂ ನಿಂತಿಲ್ಲ, ವಾರಕ್ಕೊಂದು ಸಲ ಬರುತ್ತಿದೆ.

ನಾನು ತಮಗೆ ಬರೆದ ಮೊದಲ ದೂರಿಗೆ ತಾವು ಕೃಪೆಯಿಟ್ಟು ಉತ್ತರಿಸಿದಿರಿ. ‘ಪ್ರಿಯ ಶ್ರೀ ಕಸ್ತೂರ್, ನಿಮ್ಮ ಪ್ರತಿಕ್ರಿಯೆ ನಮಗೆ ಅಮೂಲ್ಯ’ ಎಂದು ಆರಂಭಿಸಿ, ಕ್ಯಾಪ್ಟನ್ ವೆಂಕಟೇಶ್ ಅವರು ತಮ್ಮ ನೌಕಾಪಡೆಯಿಂದ ಗೌರವಪೂರ್ವಕವಾಗಿ ನಿವೃತ್ತರಾಗಿದ್ದಾರೆಂದು ತಿಳಿಸಿ, ಮುಂದಿನ ಖರೀದಿಗೆ ರಿಯಾಯಿತಿ ಚೀಟಿಯನ್ನೂ ಇಟ್ಟಿದ್ದಿರಿ. ಈಗ ಆ ಚೌಕಳಿ ಗುರುತಿನಲ್ಲಿ ಗಡ್ಡ ಟ್ರಿಮ್ ಮಾಡಿಸಿದ, ಬೆಳ್ಳನೆಯ ಸುಂದರ ಪುರುಷನೊಬ್ಬ ಕಾಣುತ್ತಾನೆ. ಅವನ ಕೈಗಳನ್ನು ನೋಡಿದರೆ ಹುಟ್ಟು ಹಿಡಿದವನಲ್ಲ, ಕಾಫಿ ಕಪ್ಪು ಹಿಡಿದವನು.

ಆದ್ದರಿಂದ ಕೆಲವು ವಿನಮ್ರ ಬೇಡಿಕೆಗಳು. ನಿವೃತ್ತ ಕ್ಯಾಪ್ಟನ್ನರಿಗೆ ತಕ್ಕ ಒಂದು ಹಡಗನ್ನು ಗಂಗಾವತಿಗೆ ಕಳಿಸಿಕೊಡಬೇಕು. ಎಡದಂಡೆ ಕಾಲುವೆಯಲ್ಲಿ ಅದು ಹಿಡಿಸದಿದ್ದರೆ ಕಾಲುವೆಯನ್ನು ಅಗಲಿಸಬೇಕು. ಅವರ ತಂದೆ ಮತ್ತು ಅಜ್ಜ ಆಳಸಮುದ್ರದಲ್ಲಿ ದುಡಿದರೆಂದು ತಾವೇ ಘೋಷಿಸಿರುವುದರಿಂದ, ಆ ದಿನಗಳಲ್ಲಿ ಹೊಳೆಯಲ್ಲಿ ಬೋನು ಬಿಡುತ್ತಿದ್ದವರು ಯಾರೆಂದು ಪತ್ತೆ ಹಚ್ಚಿ ಪಾರಮ್ಮನಿಗೆ ತಿಳಿಸಬೇಕು, ತಾನು ಇಷ್ಟು ವರ್ಷ ಯಾರ ಮನೆಯಲ್ಲಿ ಬಾಳಿದೆನೆಂಬ ಗೊಂದಲ ಅವಳಿಗಿದೆ. ಇನ್ನು, ಪ್ಯಾಕೆಟ್ಟಿನ ಮೇಲಿನ ಅಕ್ಷರಗಳನ್ನು ಬದಲಿಸುವುದು ತಮಗೆ ತೊಂದರೆಯೆಂದಾದರೆ ಭೂಗೋಳವನ್ನಾದರೂ ಬದಲಿಸಬೇಕು: ಒಂದು ಸಣ್ಣ ಸಮುದ್ರವನ್ನು, ಉಪ್ಪು ಮತ್ತು ಅಲೆಗಳ ಸಹಿತ, ನವಲಿಯ ಆಚೆಗೆ ಒದಗಿಸಿದರೆ ತಮ್ಮ ಮಾತೂ ಉಳಿಯುತ್ತದೆ, ಯಂಕೇಶನೂ ಅದನ್ನು ಒಮ್ಮೆ ನೋಡಿದಂತಾಗುತ್ತದೆ.

ಇದು ಯಾವುದೂ ಸಾಧ್ಯವಿಲ್ಲವೆಂದಾದರೆ, ಇನ್ನೊಂದಿದೆ. ಅದು ಬೇಡಿಕೆಯಲ್ಲ, ಅಣಕವೂ ಅಲ್ಲ. ಆ ಲಾರಿಯನ್ನು ಹೊಳೆದಂಡೆಗೆ ಕಳಿಸಬೇಡಿ. ಯಂಕೇಶ ಮಿಲ್ಲು ಬಿಟ್ಟು ಮತ್ತೆ ಹರಿಗೋಲು ಹತ್ತಿದ್ದಾನೆ. ಎರಡು ಹೋಟೆಲಿನವರು ತಮ್ಮ ಫಲಕವನ್ನು ಇಳಿಸಿ ಅವನನ್ನು ಕರೆದಿದ್ದಾರೆ. ಬುಟ್ಟಿ ಇನ್ನೂ ತುಂಬುತ್ತಿಲ್ಲ. ಹೊಳೆ ಸುಧಾರಿಸಿಕೊಳ್ಳಲು ಮೂರು ವರ್ಷವಾದರೂ ಬೇಕೆಂದು ಪಾರಮ್ಮ ಹೇಳುತ್ತಾಳೆ. ಅಷ್ಟು ದಿನ ತಾನಿರುತ್ತೇನೋ ಇಲ್ಲವೋ ಎಂದೂ ಹೇಳುತ್ತಾಳೆ, ಹೇಳುತ್ತಲೇ ಮುಂದಿನ ಬೋನಿಗೆ ಬಿದಿರು ಸೀಳುತ್ತಾಳೆ.

ಇಷ್ಟಾದ ಮೇಲೂ ಬಿಡದೆ ತಮ್ಮ ವಿಶ್ವಾಸಿಯೇ ಆಗಿ ಉಳಿಯಲು ಹೆಣಗುತ್ತಿರುವ,
ಕಸ್ತೂರೆಮ್ಮ
ಖಾನಾವಳಿ, ಬಸ್ ನಿಲ್ದಾಣದ ಹಿಂದೆ, ಗಂಗಾವತಿ

ಮರೆತ ಮಾತು: ಪತ್ರವನ್ನು ಲಕೋಟೆಗೆ ಹಾಕುವ ಮೊದಲು ಒಂದು ಸಂಗತಿ ನಡೆಯಿತು. ತಮ್ಮ ಕೇಂದ್ರ ಕಚೇರಿಯಿಂದ ಮೂವರು ಸಾಹೇಬರು ಅಂಗಡಿಯ ತಪಾಸಣೆಗೆ ಬಂದಿದ್ದರಂತೆ. ಮಧ್ಯಾಹ್ನ ತಮ್ಮ ಹೊಸ ಉದ್ಯೋಗಿ ರೂಪಾ ಎಂಬುವವರು ಡಬ್ಬಿ ಹಿಡಿದು ನನ್ನ ಬಾಗಿಲಿಗೆ ಬಂದು, ‘ಮೂರು ಊಟ ಕಟ್ರಿ ಅಕ್ಕಾರ. ಸಾಹೇಬ್ರು ನಮ್ಮ ಪ್ಯಾಕೆಟ್ಟಿಂದು ಬ್ಯಾಡ ಅಂದ್ರು, ಹೊಳಿ ಸೀಗಡಿನೇ ಇರ್ಲಿ ಅಂದಾರ’ ಎಂದರು. ಕಟ್ಟಿಕೊಟ್ಟೆ. ಸಂಜೆ ಡಬ್ಬಿ ಮರಳಿ ಬಂದಾಗ ಅದರಲ್ಲಿ ಒಂದು ಬಾಲ ಕೂಡ ಉಳಿದಿರಲಿಲ್ಲ. ಉತ್ತಮ ಸೀಗಡಿಯನ್ನು ಆರಿಸುವ ವಿಷಯದಲ್ಲಿ ತಮ್ಮ ಸಾಹೇಬರ ಮೇಲೆ ನನ್ನದು ಇನ್ನು ಯಾವ ದೂರೂ ಇಲ್ಲ.